ಮೂಲೆ ಸೈಟು

ಬೆಳಿಗ್ಗೆ ಆರೂವರೆಗೆ ಫೋನು. ಇಂದ್ರಮ್ಮ.
"ಮರಿದೇವಣ್ಣ, ನಮ್ಮ ಭಾವ ಬೈದ್ರು ಕಣಣ್ಣ,
ಚದರಡಿಗೆ ಇನ್ನೊಂದು ನೂರು ಕೇಳು ಅಂತವ್ರೆ."
ಬಾಯಲ್ಲಿ ಬ್ರಷ್ಷು. ನೊರೆಯೊಳಗಿಂದಲೇ ಹೂಂ ಅಂದೆ.
ನಿನ್ನೆ ರಾತ್ರಿ ಹಳೇ ದರಕ್ಕೇ
ದೇವರ ಮುಂದೆ ದೀಪ ಹಚ್ಚಿ ಕಳಿಸಿದ್ದರು.

ಮೂವತ್ತು ನಲವತ್ತು, ಪೂರ್ವಕ್ಕೆ ಮುಖ,
ಸಾಲಗಾಮೆ ರಸ್ತೆಯಿಂದ ಒಳಕ್ಕೆ ನಾಲ್ಕನೇ ತಿರುವು.
ಇದನ್ನು ನಾನು ಹನ್ನೊಂದು ಸಲ ತೋರಿಸಿದ್ದೇನೆ.
ಒಬ್ಬರಿಗೆ ಟ್ರಾನ್ಸ್‌ಫಾರ್ಮರ್ ಹತ್ತಿರವಾಯಿತು,
ಒಬ್ಬರಿಗೆ ಬಸ್‌ಸ್ಟ್ಯಾಂಡು ದೂರವಾಯಿತು,
ಒಬ್ಬಾಕೆ ಕಾರಿಂದ ಇಳಿಯಲೇ ಇಲ್ಲ,
ಗಾಜು ನಾಲ್ಕು ಬೆರಳು ಇಳಿಸಿ
"ಅಕ್ಕಪಕ್ಕ ಯಾವ ಜನ?" ಅಂದರು.
ಮನುಷ್ಯರೇ ತಾಯಿ, ಅನ್ನಬೇಕಿತ್ತು.
ಆ ವಾರ ಪೆಟ್ರೋಲಿಗೆ
ಮಗಳ ಡಬ್ಬಿಯಿಂದ ತೆಗೆದಿದ್ದೆ.
"ಒಳ್ಳೆಯವರು" ಅಂದೆ.
ಅವರಿಗೆ ಬೇಕಿದ್ದ ಉತ್ತರ ಅದಲ್ಲ.

ಇವತ್ತಿನ ಪಾರ್ಟಿ ಆಲೂಗೆಡ್ಡೆ ಮಂಡಿಯ ತೋಪೇಗೌಡರು.
ಬಿತ್ತನೆ ಗೆಡ್ಡೆ ಆರಿಸುವ ಹಾಗೇ
ಒಂದು ಹಿಡಿ ಮಣ್ಣು ತೆಗೆದು, ಹಿಸುಕಿ, ಮೂಸಿ,
"ತುಂಬಿಸಿದ ಮಣ್ಣು" ಅಂದರು.
ನಿಜ. ಹಿಂದೆ ಇಲ್ಲಿ ಕಟ್ಟೆಯ ಕೋಡಿ ಹರಿಯುತ್ತಿತ್ತು.
ಹೇಳಲೋ ಬೇಡವೋ ಎಂದು
ಮೂರು ತಿಂಗಳು ನುಂಗಿಕೊಂಡಿದ್ದ ಮಾತು.
"ಪಾಯ ಎರಡಡಿ ಜಾಸ್ತಿ ತೆಗೀಬೇಕು ಗೌಡ್ರೇ" ಅಂದುಬಿಟ್ಟೆ.
ಅವರು ನನ್ನನ್ನೇ ದಿಟ್ಟಿಸಿದರು,
ನಿಜ ಹೇಳುವ ಬ್ರೋಕರು
ಇನ್ನೇನು ಮುಚ್ಚಿಟ್ಟಿದ್ದಾನೋ ಎಂದು.

ಜೊತೆಗೆ ಬಂದ ವಾಸ್ತುವಿನವರು
ದಿಕ್ಸೂಚಿ ಅಂಗೈಲಿಟ್ಟು ಸುತ್ತಿದರು;
ಟ್ರಾನ್ಸ್‌ಫಾರ್ಮರ್ ಪಕ್ಕ ಮುಳ್ಳಿಗೆ ಮತಿಭ್ರಮಣೆ,
ಉತ್ತರ ಹೋಗಿ ನೈಋತ್ಯದಲ್ಲಿ ಕೂತಿತು.
ಸೂರ್ಯ ಎದುರಿಗೇ ಇದ್ದ,
ಯಾರೂ ಅವನನ್ನು ಕೇಳಲಿಲ್ಲ.

ಹನ್ನೆರಡಕ್ಕೆ ನೋಂದಣಿ ಕಚೇರಿ, ಮುಂಗಡದ ಕರಾರಿಗೆ.
ಆಷಾಢವೆಲ್ಲ ಖಾಲಿ ಬಿದ್ದಿದ್ದ ಬೆಂಚುಗಳು
ಶ್ರಾವಣಕ್ಕೆ ತುಂಬಿ, ಹೆಬ್ಬೆಟ್ಟು ಒರೆಸೀ ಒರೆಸೀ
ಕಂಬಕ್ಕೆ ನೀಲಿ ಚರ್ಮ ಬಂದಿತ್ತು.
ಇ-ಖಾತೆ, ಇಸಿ, ಕಂದಾಯ ರಶೀದಿ, ವಂಶವೃಕ್ಷ
ಎಲ್ಲಾ ನನ್ನ ಚೀಲದಲ್ಲಿ, ಎಲ್ಲಾ ಮೂರು ಜೆರಾಕ್ಸು.
"ಸರ್ವರ್ ಇಲ್ಲ" ಎಂದಳು ಕಿಟಕಿಯ ಹುಡುಗಿ,
ಊರಲ್ಲಿಲ್ಲದ ಗಂಡನ ಬಗ್ಗೆ ಹೇಳುವಂತೆ.

ಟೀ ತರಲು ಹೋದೆ. ಎರಡಕ್ಕೆ ಸಕ್ಕರೆ ಇಲ್ಲ.
ಬರುವಷ್ಟರಲ್ಲಿ ಇಂದ್ರಮ್ಮನ ಅತ್ತಿಗೆಯ ತವರು
ದುದ್ದದ ಹತ್ತಿರ, ಗೌಡರ ಪಕ್ಕದೂರಾಗಿತ್ತು;
ಮನೆದೇವರು ಒಂದೇ ಆಗಿತ್ತು;
ಆಕೆ ಸೆರಗು ಎಳೆದುಕೊಂಡು "ಮಾವ" ಅನ್ನುತ್ತಿದ್ದರು.
ನಾನು ತಂದ ಟೀ ಕುಡಿದು
"ನಾವ್ನಾವೇ ಮಾತಾಡ್ಕೋತೀವಿ ಬುಡಪ್ಪ,
ನಿಂಗ್ಯಾಕೆ ತೊಂದ್ರೆ" ಅಂದರು.
ತೊಂದರೆ!
ಆ ಎರಡು ಪರ್ಸೆಂಟು ತೊಂದರೆಯಲ್ಲಿ ನಾನು
ಮನಸ್ಸಲ್ಲೇ ಮಗಳ ಫೀಸು ಕಟ್ಟಿ, ಸ್ಕೂಟರಿಗೆ ಟೈರು ಹಾಕಿಸಿ,
ಮಿಕ್ಕಿದ್ದಕ್ಕೆ ಹೆಂಡತಿಗೆ ಒಂದು ಜೊತೆ ಓಲೆ ನೋಡಿಟ್ಟಿದ್ದೆ.

ಜಗಳ ಆಡಬಹುದಿತ್ತು. ಸಂತೆಪೇಟೆಯ ಪರಮೇಶಿ
ಕಾಲರು ಹಿಡಿದೇ ವಸೂಲು ಮಾಡುತ್ತಾನೆ.
ನಾನು ಗ್ಲಾಸುಗಳನ್ನು ಅಂಗಡಿಗೆ ವಾಪಸು ಕೊಟ್ಟೆ.

ಸಂಜೆ ನನ್ನ ಬೋರ್ಡು ಕಿತ್ತು ತರಲು ಹೋದರೆ
ಸೈಟಿನ ತುಂಬ ಹುಡುಗರು. ಗಡಿಕಲ್ಲೇ ವಿಕೆಟ್ಟು.
ಬೋರ್ಡಿನ ಬೆನ್ನಿಗೆ ಇದ್ದಿಲಲ್ಲಿ ಸ್ಕೋರು.
ರನೌಟಿಗೆ ಜಗಳ ಹತ್ತಿಕೊಂಡಿತ್ತು,
ದಪ್ಪ ಕನ್ನಡಕದ ತೌಸೀಫ ಅಳುತ್ತಾ
"ಗೆರೆ ಮುಟ್ಟಿದ್ದೆ" ಅಂತಾನೆ, ಉಳಿದವರು ಇಲ್ಲ ಅಂತಾರೆ.
"ಲೋ, ಸೈಟಣ್ಣ ಬಂದ್ರು, ಅವ್ರನ್ನೇ ಕೇಳ್ರೋ,
ಅವ್ರಿಗೆ ಗೆರೆ ಗೊತ್ತು!"

ಬೆಳಗಿಂದ ನನ್ನ ಮಾತು ಯಾರೂ ನಂಬಿರಲಿಲ್ಲ.
ಓಟವನ್ನು ನಾನು ನೋಡಿಯೂ ಇರಲಿಲ್ಲ.
ಸ್ಕೂಟರಿಗೆ ಸ್ಟ್ಯಾಂಡು ಹಾಕಿ, ಬಗ್ಗಿ,
ಚಪ್ಪಲಿ ಗುರುತು, ಬ್ಯಾಟು ಗೀಚಿದ ಜಾಗ,
ಕಲ್ಲಿಂದ ಗೇಣು ಹಾಕುತ್ತಾ ಬಂದೆ.
ತುಂಬಿಸಿದ ಮಣ್ಣು, ಗುರುತು ಚೆನ್ನಾಗಿ ಹಿಡಿಯುತ್ತೆ.
ನಾಲ್ಕು ಬೆರಳು ಕಮ್ಮಿ.

"ಔಟು" ಅಂದೆ.
ತೌಸೀಫ ನನ್ನ ಮುಖ ನೋಡಿದ, ಮಣ್ಣು ನೋಡಿದ,
ಮೂಗು ಒರೆಸಿಕೊಂಡು
ಬ್ಯಾಟು ಕೊಟ್ಟುಬಿಟ್ಟ.

ಬೋರ್ಡು ಅಲ್ಲೇ ಬಿಟ್ಟು ಬಂದೆ.
ಅವರಿಗೆ ಇನ್ನೂ ಮೂರು ಓವರ್ ಬಾಕಿ ಇತ್ತು.